ಕಾಗೆಗೆ ಹೆದರಿ ಮುಚ್ಚಿದ ಗಾಜು

ಹೊಳೆನರಸೀಪುರ
ಭಾನುವಾರ, ಬೆಳಗಿನ ರೀಡಿಂಗ್ ಆದ ಮೇಲೆ

ಪ್ರೀತಿಯ ಶ್ರೀಗೌರಿ,

ನಿನ್ನೆ ನೀನು ಹಾಸನದಿಂದ ಫೋನ್ ಮಾಡಿ, "ಮಾವ, ಗೈಡ್ ಒಪ್ಪಿದ್ರು. ಮೊದಲಿನ ಅಂಕಿ ಸುಳ್ಳಲ್ಲ ಅಂತ ಬರೆದುಕೊಟ್ರು" ಅಂದಾಗ ನಾನು "ಹೂಂ, ಸರಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಇಟ್ಟವನು ಮೆಟ್ಟಿಲ ಮೇಲೆ ಹಾಗೇ ಕೂತೆ. ನಿಮ್ಮತ್ತೆ, "ಏನ್ರೀ, ತಲೆ ಸುತ್ತುತ್ತಾ?" ಅಂದಳು. "ಸುತ್ತುತ್ತಿದ್ದದ್ದು ಈಗ ನಿಂತಿತು" ಅಂದೆ.

ಫೋನಿನಲ್ಲಿ ಹೇಳಲಾಗದ ಮಾತೊಂದು ಉಳಿದಿದೆ. ಅದಕ್ಕೇ ಈ ಕಾಗದ.

ಬೇಸಿಗೆಯಲ್ಲಿ ನೀನು ನಿನ್ನ ಸಂಶೋಧನೆಯ ಆ ಬೆರಳಗಲದ ಸೌರಕೋಶಗಳನ್ನು ನಮ್ಮ ತಾರಸಿಯ ಮೇಲಿಟ್ಟು, ದಿನಕ್ಕೆರಡು ಸಲ ಅಳೆದು ಬರೆಯುವ ಕೆಲಸ ನನಗೆ ಒಪ್ಪಿಸಿದೆ. ಊರವರ ಕರೆಂಟ್ ಮೀಟರ್ ಓದಿ ಇಪ್ಪತ್ತು ವರ್ಷ ಸವೆಸಿದವನಿಗೆ ಅದೇನು ಮಹಾ? ಷರಾ ಕಾಲಂನಲ್ಲಿ "ಗಂಟೆ ಹತ್ತು, ಮೋಡ ಇತ್ತು" ಎಂದು ಪ್ರಾಸವನ್ನೂ ಸೇರಿಸಿದೆ. ನೀನು ಕಟ್ಟುನಿಟ್ಟಾಗಿ ಹೇಳಿದ್ದು ಒಂದೇ: "ಮಾವ, ಮೇಲೆ ಏನೂ ಮುಚ್ಚಬೇಡ." ನಾನು ಮುಚ್ಚಿದೆ. ಕಾಗೆ ಕಾಟ. ಅರಕಲಗೂಡು ರಸ್ತೆಯ ಗ್ಯಾರೇಜಿನ ಕೆಂಪಣ್ಣ ಹಳೇ ಕಾರಿನ ಮುಂದಿನ ಗಾಜು ಹೊತ್ತು ತಂದು, "ಇಟ್ಕಳಿ ಸಾ. ಕಾಗೆ ಅಲ್ಲ, ಅದ್ರಪ್ಪ ಬಂದ್ರೂ ಜಾರ್ಕಂಡ್ ಓಯ್ತಾನೆ" ಅಂದ. ಬಿಸಿಲು ಹೇಗೂ ಒಳಗೆ ಬೀಳುತ್ತಲ್ಲ ಎಂದುಕೊಂಡೆ. ಗಾಜು ಇಟ್ಟದ್ದನ್ನು ಪುಸ್ತಕದಲ್ಲಿ ಬರೆಯಲಿಲ್ಲ. ತಿಂಗಳಾದರೂ ಕೋಶಗಳು ಜಗ್ಗಲಿಲ್ಲ, ಅಂಕಿ ಇಳಿಯಲಿಲ್ಲ.

ನೀನು ಎರಡನೇ ಸಲ ಕೋಶಗಳನ್ನು ತರುವ ಹೊತ್ತಿಗೆ ಕೆಂಪಣ್ಣ, "ಗಿರಾಕಿ ಬಂದವ್ನೆ ಸಾ" ಎಂದು ಗಾಜು ಎತ್ತಿಕೊಂಡು ಹೋಗಿದ್ದ. ಐದೇ ದಿನದಲ್ಲಿ ಎಲ್ಲವೂ ಸತ್ತವು. ನಿನ್ನ ಗೈಡ್ ಮೊದಲಿನ ತಿಂಗಳ ಅಂಕಿಯನ್ನೇ ನಂಬದೆ ಎಲ್ಲರೆದುರು, "ಅಂಕಿ ಬರೆಯೋಕೆ ಬಿಸಿಲು ಯಾಕಮ್ಮ, ಪೆನ್ನು ಸಾಕು" ಅಂದರಂತೆ. ತಿಂಗಳೊಳಗೆ ಸಾಬೀತು ಮಾಡು, ಇಲ್ಲವೇ ಸಂಶೋಧನೆ ಬಿಡು ಎಂದರಂತೆ. ನಮ್ಮ ಅಡುಗೆಮನೆಯಲ್ಲಿ ಕೂತು ನೀನು ಕೇಳಿದೆ: "ನಾನೇನು ತಪ್ಪು ಮಾಡ್ದೆ ಮಾವ?"

ಹನ್ನೊಂದು ದಿನ ಕಳೆದ ಮೇಲೆ, "ಅಯ್ಯೋ, ಈಗ ನೆನಪಾಯ್ತು" ಎಂದು ಗಾಜಿನ ವಿಷಯ ಹೇಳಿದೆನಲ್ಲ, ಆ ನೆನಪಾದದ್ದು ಸುಳ್ಳು ಗೌರಿ. ನೀನು ಕೇಳಿದ ಕ್ಷಣವೇ ನನಗೆ ಗೊತ್ತಿತ್ತು. ನೀನು ಉಪ್ಪಿಟ್ಟು ಮುಟ್ಟದೆ ಎದ್ದು ಹೋದೆ. ನಾನು ನನ್ನ ತಟ್ಟೆ ಖಾಲಿ ಮಾಡಿದೆ. ಒಂದು ಅಂಕಿಯನ್ನೂ ತಪ್ಪು ಬರೆಯದವನು ಎಂದು ಊರಲ್ಲಿ ಹೇಳಿಕೊಂಡು ತಿರುಗಿದ ಬಾಯಿ, ಅಂದು ತೆರೆಯಲಿಲ್ಲ.

ನೀನು ಬೈಯಲಿಲ್ಲ. ಹೊಸ ಕೋಶಗಳಲ್ಲಿ ಅರ್ಧವನ್ನು ಅಂಥದ್ದೇ ಇನ್ನೊಂದು ಕಾರಿನ ಗಾಜಿನಡಿ, ಅರ್ಧವನ್ನು ಬಯಲಲ್ಲಿ ಇಟ್ಟೆ. ಬಯಲಿನವು ಸತ್ತವು, ಗಾಜಿನಡಿಯವು ಬದುಕಿದವು. ಕರೆಂಟನ್ನು ಹೊರಕ್ಕೆ ದಾಟಿಸಲು ಬಳಿದ ಸತುವಿನ ಆಕ್ಸೈಡ್ ಪದರವೇ ಅತಿನೇರಳೆ ಕಿರಣ ತಾಗಿದರೆ ಪಕ್ಕದ, ಬಿಸಿಲು ಹೀರುವ ಸಾವಯವ ಪದರವನ್ನು ಹಾಳುಮಾಡುತ್ತದೆ, ಆ ಕಿರಣವನ್ನು ಗಾಜು ತಡೆದಿತ್ತು ಎಂದು ನನಗೆ ಬಿಡಿಸಿ ಹೇಳಿದೆ. ಈಗ ಸತುವಿನ ಜಾಗದಲ್ಲಿ ತವರದ ಆಕ್ಸೈಡ್ ಬಳಿದು ಇಟ್ಟಿದ್ದೀಯ. ಒಂಬತ್ತು ದಿನವಾಯಿತು. ಬರೀ ಬಿಸಿಲಲ್ಲೇ ಇವೆ, ಗಟ್ಟಿಯಾಗಿವೆ.

ನಿನ್ನ ಹೆಸರು ಉಳಿಯಿತು. ಈ ಹನ್ನೊಂದು ದಿನದ ಲೆಕ್ಕ ಕೇಳಿ ನಿನಗೆ ಸಿಟ್ಟು ಬಂದರೆ ಫೋನಿನಲ್ಲಿ ಬೈಯಬೇಡ, ಬಂದು ಬೈ. ಊಟಕ್ಕೆ ಮುಂಚೆಯಾದರೂ ಸರಿ.

ನಿನ್ನ ಮಾತನ್ನು ಅನುಮಾನಿಸುವವರು ಇನ್ನು ಸಿಗದಿರಲಿ. ಸಿಕ್ಕರೆ, ಮೊದಲ ದಿನವೇ ಬಾಯಿ ಬಿಡುವ ಮಾವನೊಬ್ಬ ನಿನಗಿರಲಿ.

ಹಾಗಿರಲು ಈಗಷ್ಟೇ ಕಲಿಯುತ್ತಿರುವ,
ನಿನ್ನ ಯೋಗಾನರಸಿಂಹ ಮಾವ