ಗೋಡೆಯಿಂದ ಒಂದು ಉಸಿರು

ಎಲ್ ಮೀನಾ, ತ್ರಿಪೋಲಿ
ಮಾರ್ಚ್ 9, 2023, ಗುರುವಾರ ಬೆಳಿಗ್ಗೆ

ಪ್ರೀತಿಯ ಹಿಕ್ಮತ್,

ಹೇಗಿದ್ದೀಯ? ಮೊದಲು ಬೆನ್ನಿನ ವಿಷಯ ಹೇಳು. ನೋವು ಇಳಿದಿದೆಯೋ, ಇಲ್ಲ ನನಗೆ ಹೇಳದೆ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಓಡಾಡುತ್ತಿದ್ದೀಯೋ? ಅಕ್ಕಿ ಮೂಟೆಗಳನ್ನು ನೀನೇ ಎತ್ತಬೇಡ, ದಮ್ಮಯ್ಯ. ನೀನು ಅಂಗಡಿಯ ಯಜಮಾನನೋ ಹಮಾಲಿಯೋ ಅಂತ ಅಬಿಜಾನಿನ ಜನರಿಗೆ ಗೊತ್ತಾಗದಿದ್ದರೂ ನಿನ್ನ ಬೆನ್ನಿಗೆ ಗೊತ್ತಾಗುತ್ತದೆ. ಸೊಳ್ಳೆಪರದೆ ಹರಿದಿದೆ ಅಂದಿದ್ದೆ, ಹೊಲಿಸಿದೆಯಾ? ನಿನ್ನ ತಾಯಿ ಚೆನ್ನಾಗಿದ್ದಾರೆ, ದೇವರ ದಯೆ. ಮಂಡಿ ಮಾತ್ರ ಅವರಂತೆಯೇ ಬೆಳಗಿನಿಂದ ಸಂಜೆಯವರೆಗೆ ಗೊಣಗುತ್ತದೆ. ನಾನೂ ಚೆನ್ನಾಗಿದ್ದೇನೆ. ಕಿತ್ತಳೆ ಮರಗಳು ಹೂ ಬಿಟ್ಟಿವೆ, ಕಿಟಕಿ ತೆರೆದರೆ ಸಾಕು ಇಡೀ ಮನೆ ಘಮ್ಮೆನ್ನುತ್ತದೆ. ಅದನ್ನು ಯಾರಿಗಾದರೂ ಹೇಳೋಣ ಎಂದು ತಿರುಗಿದರೆ ಅತ್ತೆ ನಿದ್ದೆ ಮಾಡುತ್ತಿರುತ್ತಾರೆ. ಸರಿ, ಕಿಟಕಿ ಮುಚ್ಚುತ್ತೇನೆ.

ಈ ಪತ್ರ ಕೆಳಮನೆಯ ಸುಹೈಲ್ ಕೈಯಲ್ಲಿ ಬರುತ್ತಿದೆ. ಅವನು ಇವತ್ತು ಮಧ್ಯಾಹ್ನ ಹೊರಡುತ್ತಾನೆ. ರೊಟ್ಟಿಗೆ ಝಾತರ್ ಪುಡಿ, ಗಂಜಿಗೆ ಒಣಮೊಸರಿನ ಕಿಶ್ಕ್, ಒಂದು ಬಾಟಲಿ ಕಿತ್ತಳೆ ಹೂವಿನ ನೀರು ಕೊಟ್ಟಿದ್ದೇನೆ. ಹೂವಿನ ನೀರನ್ನು ನಿನ್ನ ಗೆಳೆಯರಿಗೆಲ್ಲ ಹಂಚಿ ಖಾಲಿ ಮಾಡಬೇಡ. ಫೋನಿರುವಾಗ ಇವಳಿಗೇಕೆ ಕಾಗದದ ಹುಚ್ಚು ಎಂದು ನಗುತ್ತೀಯ, ಗೊತ್ತು. ಫೋನಿನಲ್ಲಿ ನಾನು ವಿಷಯಕ್ಕೆ ಬರುವಷ್ಟರಲ್ಲಿ ನಿನ್ನ ಅಂಗಡಿಗೆ ಗಿರಾಕಿ ಬಂದಿರುತ್ತಾರೆ. ಕಾಗದವಾದರೆ ಗಿರಾಕಿ ಹೋದ ಮೇಲೆ ಮತ್ತೆ ಎತ್ತಿಕೊಳ್ಳಬಹುದಲ್ಲ. ಈಗ ವಿಷಯಕ್ಕೆ ಬರುತ್ತೇನೆ. ಝಾಫೆರ್‌ಗೆ ಹಣ ಕೊಡು ಎಂದು ನೀನು ಹೇಳಿದ್ದೆ, ಕೊಟ್ಟಿಲ್ಲ. ಕೊಡುವುದೂ ಇಲ್ಲ. ಸಿಟ್ಟಾಗುವ ಮೊದಲು ಪೂರ್ತಿ ಓದು.

ನೀನು ಕರೆಂಟು ಹುಟ್ಟಿಸುವ ಆ ಯಂತ್ರದ ವಿಡಿಯೋ ಕಳಿಸಿದ ದಿನ ನನಗೇನೂ ಅನುಮಾನವಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಡೀಸೆಲ್ ಬೇಡ, ಬಿಸಿಲು ಬೇಡ, ಓಣಿಯ ಜನರೇಟರಿನವನ ಕಾಲು ಹಿಡಿಯುವುದು ಬೇಡ. ಚಕ್ರ ತಿರುಗಿದರೆ ಕರೆಂಟು, ಆ ಕರೆಂಟಿನಿಂದಲೇ ಮತ್ತೆ ಚಕ್ರ. ಝಾಫೆರ್ ಅಂದರೆ ಹೊರಗಿನವನೂ ಅಲ್ಲ, ನಿನ್ನ ಜೊತೆ ಬಂದರಿನಲ್ಲಿ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದವನು. ಈಗ ಎಲ್ಲರೂ ಅವನನ್ನು ಇಂಜಿನಿಯರ್ ಎನ್ನುತ್ತಾರೆ, ಅವನೂ ಬೇಡವೆನ್ನುವುದಿಲ್ಲ. ಎಲ್ ಮೀನಾಕ್ಕೆಲ್ಲ ನಾವೇ ಏಜೆಂಟರು, ಒಂದು ವರ್ಷ ಮಾರಿದರೆ ಸಾಕು, ಗಂಟು ಕಟ್ಟಿಕೊಂಡು ಊರಿಗೆ ಬಂದುಬಿಡುತ್ತೇನೆ ಎಂದು ನೀನು ಹೇಳಿದಾಗ ನನ್ನ ಎದೆ ಹೊಡೆದುಕೊಂಡ ಸದ್ದು ನಿನಗೂ ಕೇಳಿಸಿರಬೇಕು. ಆದರೆ ಗೋಧಿ ನುಚ್ಚಿನ ಡಬ್ಬಿಯನ್ನು ಕೆಳಗಿಳಿಸಿ ಹಣದ ಕಟ್ಟನ್ನು ಕೈಯಲ್ಲಿ ಹಿಡಿದಾಗ ಕೈ ಮುಂದೆ ಹೋಗಲಿಲ್ಲ. ಬ್ಯಾಂಕು ನುಂಗಿದ ಮೇಲೆ ನಮಗೆ ಉಳಿದದ್ದು ಅಷ್ಟೇ. ಮೂಲೆಯ ರೊಟ್ಟಿ ಅಂಗಡಿಯನ್ನು ಕೊಂಡುಕೊಳ್ಳುತ್ತೇವೆ, ನೀನು ಒಲೆಯ ಮುಂದೆ, ನಾನು ಗಲ್ಲಾಪೆಟ್ಟಿಗೆಯ ಮುಂದೆ ಎಂದು ನೀನು ಹೊರಡುವ ದಿನ ಹೇಳಿ ಹೋದ ಹಣ ಅದು. ಅದು ಹೋದರೆ ನೀನು ಬರುವ ದಾರಿಯೇ ಮುಚ್ಚಿಹೋಗುತ್ತದೆ. ಅದಕ್ಕೆ ಝಾಫೆರ್‌ಗೆ ಹೇಳಿ ಕಳಿಸಿದೆ: ಯಂತ್ರ ಮೊದಲು ನಮ್ಮ ಮನೆಯಲ್ಲಿ ಇರಲಿ, ಹಣದ ಮಾತು ಆಮೇಲೆ.

ಅವನಿಗೆ ಮುಖ ಊದಿತು. ಹಿಕ್ಮತ್ ಹೆಂಡತಿಗೇ ನನ್ನ ಮೇಲೆ ನಂಬಿಕೆ ಇಲ್ವಾ ಎಂದನಂತೆ. ಆದರೂ ತಂದ. ನಾಲ್ಕು ಜನ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿಸಿದರು. ಕಬ್ಬಿಣದ ಚೌಕಟ್ಟು, ಒಂದು ಮೋಟಾರು, ಬೆಲ್ಟು, ಎತ್ತಿನ ಗಾಡಿಗೆ ಹಾಕಬಹುದಾದಷ್ಟು ದೊಡ್ಡ ಚಕ್ರ, ಅಡಿಯಲ್ಲಿ ನಾಲ್ಕೂ ಕಡೆ ಬೆಸುಗೆ ಹಾಕಿ ಮುಚ್ಚಿದ ಪೆಟ್ಟಿಗೆ. ಅದರಲ್ಲೇನಿದೆ ಎಂದು ಕೇಳಿದೆ. ಅದೇ ಗುಟ್ಟು, ಕಂಪನಿಯವರು ತೆರೆಯಬಾರದು ಅಂದಿದ್ದಾರೆ ಎಂದ. ಇನ್ನೊಂದು ಮಾತು ಹೇಳಿದ, ಅದನ್ನು ನೆನಪಿಟ್ಟುಕೋ: ಸರ್ಕಾರ ಬಂದಾಗ ಮಾತ್ರ ಯಂತ್ರದ ಪ್ಲಗ್ಗನ್ನು ಗೋಡೆಗೆ ಹಾಕಬೇಕು, ತಿರುಗುವುದಕ್ಕೆ ಅದಕ್ಕೆ ಹೊರಗಿನಿಂದ ಒಂದು ಉಸಿರು ಬೇಕು, ಒಂದೇ ಉಸಿರು. ಸರ್ಕಾರ ಬಂತು, ಸರ್ಕಾರ ಹೋಯಿತು ಎಂದು ನಾವು ಕರೆಂಟಿಗೆ ಹೇಳುವುದನ್ನು ನೀನು ಮರೆತಿದ್ದೀಯೇನೋ. ಅಲ್ಲಿ ನಿಮಗೆ ದಿನವಿಡೀ ದೀಪ ಉರಿಯುತ್ತದಂತೆ. ಇಲ್ಲಿ ಅದು ದಿನಕ್ಕೆ ಒಂದೆರಡು ಗಂಟೆ ಬಂದು ಹೋಗುವ ನೆಂಟ, ಯಾವಾಗ ಬರುತ್ತದೆ ಎಂದು ಅದಕ್ಕೇ ಗೊತ್ತಿರುವುದಿಲ್ಲ.

ನಿಜ ಹೇಳುತ್ತೇನೆ, ಆ ಮೊದಲ ದಿನಗಳು ಹಬ್ಬದಂತಿದ್ದವು. ಫ್ರಿಜ್ಜು ಗುಂಯ್‌ಗುಟ್ಟುತ್ತಿತ್ತು. ಅತ್ತೆ ತಮ್ಮ ಧಾರಾವಾಹಿಯನ್ನು ಕೊನೆಯವರೆಗೆ ನೋಡಿ, ಅದರಲ್ಲಿ ಬರುವ ವಿಧವೆಯನ್ನು ಬಾಯ್ತುಂಬ ಬೈದರು. ಸಂಜೆ ಇಡೀ ಓಣಿ ಕತ್ತಲಾದಾಗ ನಮ್ಮ ಅಡುಗೆಮನೆಯಲ್ಲಿ ಮಾತ್ರ ಬಲ್ಬು. ನಾನು ಕುರ್ಚಿ ಎಳೆದುಕೊಂಡು ಫ್ರಿಜ್ಜಿನ ಪಕ್ಕ ಕುಳಿತೆ, ಸುಮ್ಮನೆ, ಅದರ ಸದ್ದು ಕೇಳುತ್ತಾ. ಮನೆಯಲ್ಲಿ ಇನ್ನೊಬ್ಬರು ಇದ್ದಂತಿತ್ತು, ಹಿಕ್ಮತ್. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದೆ. ಈ ಓಣಿಯಲ್ಲಿ ನನ್ನ ವಯಸ್ಸಿನವರನ್ನೆಲ್ಲ ಮಗನ ಹೆಸರು ಹಿಡಿದು ಇಂಥವನ ತಾಯಿ ಎಂದು ಕರೆಯುತ್ತಾರೆ, ನನ್ನನ್ನು ಮಾತ್ರ ಇನ್ನೂ ನುಹಾದ್ ಎಂದೇ. ಅತ್ತೆ ಮಲಗಿದ ಮೇಲೆ ಅದನ್ನೂ ಕರೆಯುವವರಿರುವುದಿಲ್ಲ. ಆ ಯಂತ್ರ ನಿಜವಾಗಲಿ ಎಂದು ನಿನಗಿಂತ ಹೆಚ್ಚಾಗಿ ನಾನು ಬಯಸಿದ್ದೆ.

ಅತ್ತೆಯಂತೂ ನಿನ್ನ ಹಾಸಿಗೆಯನ್ನು ತಾರಸಿಗೆ ಹೊರಿಸಿ ಬಿಸಿಲಿಗೆ ಹಾಕಿಸಿದರು. ಅವನಿನ್ನೂ ಹೊರಟಿಲ್ಲ, ಒಂದು ವರ್ಷ ಇದೆ ಎಂದೆ. ಹಾಸಿಗೆ ತಾನೇ, ಬಿಸಿಲು ಕಂಡ್ರೆ ನಿನಗೇನಮ್ಮಾ ನಷ್ಟ ಎಂದರು.

ಒಗೆಯುವ ದಿನ ಎಲ್ಲ ಹಾಳಾಯಿತು. ಸರ್ಕಾರ ಬಂದೊಡನೆ ನಾವೆಲ್ಲ ಹೇಗೆ ಓಡುತ್ತೇವೆ ಎಂದು ನಿನಗೆ ಗೊತ್ತಲ್ಲ, ಒಬ್ಬಳು ನೀರಿನ ಮೋಟಾರಿಗೆ, ಒಬ್ಬಳು ವಾಷಿಂಗ್ ಮಷೀನಿಗೆ, ಒಬ್ಬಳು ಇಸ್ತ್ರಿಗೆ. ನಾನೂ ಬಟ್ಟೆ ಹಾಕಿ, ಟ್ಯಾಂಕಿಗೆ ನೀರು ಬಿಟ್ಟೆ. ಟಕ್ಕೆಂದು ಮೇನ್ ಸ್ವಿಚ್ಚು ಬಿತ್ತು. ಎತ್ತಿದೆ, ಮತ್ತೆ ಬಿತ್ತು. ಇಷ್ಟು ವರ್ಷ ಸರ್ಕಾರದ ಲೈನಿನಲ್ಲಿ ಬಟ್ಟೆಯೂ ನೀರೂ ಒಟ್ಟಿಗೇ ನಡೆದಿವೆ, ಒಂದು ದಿನವೂ ಸ್ವಿಚ್ಚು ಬಿದ್ದಿಲ್ಲ. ಮನೆಯಲ್ಲಿ ಹೊಸದಾಗಿ ಬಂದದ್ದು ಏನು ಎಂದು ಸುತ್ತ ನೋಡಿದೆ. ಯಂತ್ರದ ಪ್ಲಗ್ಗು ಗೋಡೆಯಲ್ಲಿತ್ತು. ಕಿತ್ತೆ. ಸ್ವಿಚ್ಚು ನಿಂತಿತು, ಬಟ್ಟೆ ತಿರುಗಿತು, ನೀರು ಏರಿತು. ಮತ್ತೆ ಪ್ಲಗ್ಗು ಹಾಕಿದೆ, ಮತ್ತೆ ಬಿತ್ತು. ಒದ್ದೆ ಕೈಯಲ್ಲಿ ಅಲ್ಲೇ ನಿಂತುಬಿಟ್ಟೆ. ಒಂದು ಉಸಿರು ಎಂದಿದ್ದನಲ್ಲ ಝಾಫೆರ್, ಆ ಉಸಿರು ವಾಷಿಂಗ್ ಮಷೀನಿಗಿಂತ ಹೆಚ್ಚು ತಿನ್ನುತ್ತಿತ್ತು.

ಆಮೇಲೆ ಪ್ಲಗ್ಗನ್ನು ಹಾಕಲೇ ಇಲ್ಲ. ಝಾಫೆರ್‌ಗೆ ಫೋನ್ ಮಾಡಿ, ನಾಳೆ ಬೆಳಗ್ಗೆ ಬಾ, ಗೋಡೆಯ ತಂತಿ ಇಲ್ಲದೆ ಇದು ಇಳಿಹೊತ್ತಿನ ಅಸರ್ ನಮಾಜಿನವರೆಗೆ ಫ್ರಿಜ್ಜನ್ನೂ ಹೀಟರನ್ನೂ ನಡೆಸಲಿ, ನಡೆಸಿದರೆ ಸಂಜೆಯೇ ಹಣ ತಗೊಂಡು ಹೋಗು ಎಂದೆ. ಅವನಿಗೆ ನೂರೆಂಟು ಕೆಲಸ. ಹೀಟರ್ ಹಾಕಬಾರದು, ಅದು ಯಂತ್ರಕ್ಕೆ ಅವಮಾನವಂತೆ. ಪರೀಕ್ಷೆ ಮಾಡುವವರ ಮನೆಯಲ್ಲಿ ಅದು ಮುನಿಸಿಕೊಳ್ಳುತ್ತದಂತೆ. ನನ್ನ ಮಾತಿಗೆ ಬರುತ್ತಿರಲಿಲ್ಲ, ನಿನ್ನ ತಾಯಿ ಫೋನ್ ಕಿತ್ತುಕೊಂಡು, ಚಿಕ್ಕವನಿದ್ದಾಗ ನನ್ನ ಕೈಯಲ್ಲಿ ತಿಂದವನು ಈಗ ನನ್ನ ಮನೆ ಮೆಟ್ಟಿಲು ಹತ್ತಕ್ಕೂ ಬಿಡುವಿಲ್ವೇನೋ ಎಂದ ಮೇಲೆ ಬಂದ.

ಮೂವರೂ ಕುಳಿತೆವು. ಕಾಫಿ ಮಾಡಿದೆ. ತಂತಿಯನ್ನು ಸುರುಳಿ ಸುತ್ತಿ ಅತ್ತೆಯ ಮಡಿಲಲ್ಲಿ ಇಟ್ಟಿದ್ದೆ, ಅವರು ಜಪಮಾಲೆಯಂತೆ ಹಿಡಿದುಕೊಂಡಿದ್ದರು. ಚಕ್ರ ಜೋರಾಗಿಯೇ ತಿರುಗಿತು. ಹೀಟರ್ ಕೆಂಪಾಯಿತು. ಝಾಫೆರ್ ಕಾಲ ಮೇಲೆ ಕಾಲು ಹಾಕಿ, ಹಳ್ಳಿಯಲ್ಲಿ ಒಬ್ಬ ಇದರಿಂದ ಗಿರಣಿ ನಡೆಸುತ್ತಿದ್ದಾನೆ ಎಂದು ಶುರು ಮಾಡಿದ. ನೀನೇ ಹೋಗಿ ನೋಡಿದೆಯಾ ಎಂದು ಕೇಳಿದೆ. ಕಂಪನಿಯವರು ಹೇಳಿದರು ಎಂದ. ಇನ್ನೊಂದು ಕಾಫಿ ಮಾಡುವಷ್ಟರಲ್ಲಿ ಹೀಟರಿನ ಕೆಂಪು ಇಳಿಯಿತು. ಬಲ್ಬು ಹಳದಿಯಾಯಿತು. ಮಧ್ಯಾಹ್ನದ ಬಾಂಗ್ ಕೂಗುವ ಮೊದಲೇ ಚಕ್ರ ಏದುತ್ತಾ, ಏದುತ್ತಾ ನಿಂತೇಬಿಟ್ಟಿತು. ಝಾಫೆರ್ ಎದ್ದು ಬೆಲ್ಟು ಸಡಿಲವಾಗಿದೆ ಎಂದ, ಚೌಕಟ್ಟಿಗೆ ಒದ್ದ, ಅದರ ತಾಯಿಗೆ ಬೈದ. ಅತ್ತೆ ಮೆಲ್ಲಗೆ ಹೇಳಿದರು: "ಬೈಬೇಡ ಮಗಾ. ಅದಕ್ಕೆ ಹಸಿವಾಗಿದೆ, ಅಷ್ಟೇ."

ನಗಬೇಕು ಅನ್ನಿಸಿತು, ನಗಲಿಲ್ಲ. ಝಾಫೆರ್ ಮುಖ ಹಾಗಿತ್ತು. ಉಳಿ ಸುತ್ತಿಗೆ ಕೇಳಿದ, ಕೊಟ್ಟೆ. ತಾನೇ ಅಡಿಯ ಪೆಟ್ಟಿಗೆಯನ್ನು ಒಡೆದ. ಒಳಗೆ ಲಾರಿಯ ಬ್ಯಾಟರಿಗಳು, ಸಾಲಾಗಿ, ಮಕ್ಕಳನ್ನು ಮಲಗಿಸಿದಂತೆ. ಉಳಿಯನ್ನು ಅಲ್ಲೇ ಬಿಟ್ಟು ಮೆಟ್ಟಿಲ ಮೇಲೆ ಹೋಗಿ ಕುಳಿತ. ಅವನು ನಮಗೆ ಮೋಸ ಮಾಡಲು ಬಂದದ್ದಲ್ಲ, ಹಿಕ್ಮತ್. ಅವನೂ ಮೊದಲೇ ಹಣ ಕಟ್ಟಿ ಏಜೆಂಟನಾದವನು, ಅದಕ್ಕಾಗಿ ಅಪ್ಪನ ದೋಣಿ ಮಾರಿದ್ದಾನೆ. ಕಂಪನಿಯವರ ಫೋನಿಗೆ ಅಲ್ಲಿಂದಲೇ ಹಚ್ಚಿದ, ಯಾರೂ ಎತ್ತಲಿಲ್ಲ. ನಾನು ನೀರು ತಂದುಕೊಟ್ಟಾಗ ಹೇಳಿದ: "ನಮ್ಮನೆಯಲ್ಲೂ ದಿನಾ ನಾನೇ ಪ್ಲಗ್ ಹಾಕ್ತಿದ್ದೆ, ನುಹಾದ್. ಯಾಕೆ ಹಾಕ್ಬೇಕು ಅಂತ ಒಂದ್ಸಲನೂ ಕೇಳ್ಕೊಳ್ಳಲಿಲ್ಲ." ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಸರ್ಕಾರ ಬಂತು ಎಂದರೆ ನಾವು ಕೈಗೆ ಸಿಕ್ಕಿದ್ದನ್ನೆಲ್ಲ ಗೋಡೆಗೆ ಸಿಕ್ಕಿಸುವವರು, ಫೋನು, ಚಾರ್ಜಿನ ಲಾಟೀನು, ರೇಡಿಯೋ. ಕೈ ತಾನಾಗಿ ಹೋಗುತ್ತದೆ. ಆ ಗಲಾಟೆಯಲ್ಲಿ ಇನ್ನೊಂದು ಪ್ಲಗ್ಗನ್ನು ಯಾರು ಗಮನಿಸುತ್ತಾರೆ? ಆ ಕಂಪನಿಯವರು ನಮ್ಮನ್ನು ಚೆನ್ನಾಗಿಯೇ ಅರಿತಿದ್ದರು. ಬ್ಯಾಟರಿಗಳನ್ನಾದರೂ ಮಾರಿಕೋ ಎಂದು ಹೇಳಿ ಕಳಿಸಿದೆ. ನೀನು ಅವನಿಗೆ ಫೋನ್ ಮಾಡಿದರೆ ಬೈಯಬೇಡ, ಅವನ ಹೆಂಡತಿ ತವರಿಗೆ ಹೋಗಿ ಕುಳಿತಿದ್ದಾಳೆ.

ಹಾಗಾಗಿ ಹಣ ಡಬ್ಬಿಯಲ್ಲೇ ಇದೆ. ಇಂಥದ್ದೇ ಬೇರೆ ವಿಡಿಯೋ ಬಂದರೆ ದಯವಿಟ್ಟು ನನಗೆ ಕಳಿಸಬೇಡ. ಕಳಿಸಿದರೂ ಮೊದಲು ಮೂರೇ ಮಾತು ಕೇಳು: ಒಳಗೆ ತೆರೆದು ತೋರಿಸುತ್ತಾರಾ, ತಂತಿ ಕಿತ್ತ ಮೇಲೆ ಎಷ್ಟು ಹೊತ್ತು ನಡೆಯುತ್ತದೆ, ನಮ್ಮ ಮನೆಯಲ್ಲಿ ನಾವು ಹೇಳಿದ ಭಾರ ಎಳೆಯುತ್ತದಾ. ಇದಕ್ಕೆ ಮುಖ ಊದಿಸಿಕೊಳ್ಳುವವರಿಗೆ ಒಂದು ಕಾಸೂ ಬಿಚ್ಚಬೇಡ. ರೊಟ್ಟಿ ಅಂಗಡಿ ಇನ್ನೂ ಮಾರಾಟವಾಗಿಲ್ಲ. ಅಂಗಡಿಯ ಮುದುಕ ಸಿಕ್ಕಾಗಲೆಲ್ಲ ನಿನ್ನ ಗಂಡ ಯಾವಾಗ ಬರ್ತಾನೆ ಎಂದು ಕೇಳುತ್ತಾನೆ, ರಂಜಾನ್ ಕಳೀಲಿ ಎನ್ನುತ್ತೇನೆ. ಹೋದ ರಂಜಾನಿಗೂ ಅದನ್ನೇ ಹೇಳಿದ್ದೆ, ಪಾಪ ಅವನಿಗೆ ನೆನಪಿಲ್ಲ. ನಿನ್ನ ಹಾಸಿಗೆಯನ್ನು ಅತ್ತೆ ಮತ್ತೆ ಕೆಳಗೆ ತರಿಸಿದರು.

ಉಪವಾಸದ ತಿಂಗಳಿಗೆ ಇನ್ನೆರಡು ವಾರ. ಅಲ್ಲಿ ಒಬ್ಬನೇ ಕುಳಿತು ಉಪವಾಸ ಬಿಡುವಾಗ ಖರ್ಜೂರವನ್ನಾದರೂ ಬಾಯಿಗೆ ಹಾಕಿಕೋ, ನೇರ ಸಿಗರೇಟಿಗೆ ಕೈ ಹಾಕಬೇಡ. ನಿನ್ನ ತಾಯಿ ನಿನ್ನ ಹಣೆಗೆ ಮುತ್ತು ಕೊಟ್ಟು ಹರಸಿದ್ದಾರೆ, ದೇವರು ನಿನ್ನ ಬೆನ್ನನ್ನೂ ಬುದ್ಧಿಯನ್ನೂ ಕಾಪಾಡಲಿ ಅಂದಿದ್ದಾರೆ. ಇದೇ ಮಾತಿನಲ್ಲಿ ಬರೆ ಎಂದದ್ದು ಅವರೇ, ನನ್ನ ಮೇಲೆ ಬರಬೇಡ.

ನಿನ್ನ ಕ್ಷೇಮವನ್ನೇ ಬೇಡುತ್ತಿರುವ,
ನಿನ್ನ ನುಹಾದ್

ಮತ್ತೊಂದು ಮಾತು. ಸುಹೈಲ್ ಬಾಗಿಲಲ್ಲಿ ನಿಂತು ಚಡಪಡಿಸುತ್ತಿದ್ದಾನೆ, ಬೇಗ ಬರೆಯುತ್ತೇನೆ. ಯಂತ್ರ ನಿಂತ ದಿನ ನಿನಗೆ ಹೇಳೋಣವೆಂದು ಫೋನ್ ತೆಗೆದೆ. ಕಳೆದ ಈದ್‌ನಿಂದ ಈಚೆಗೆ ನಮ್ಮ ಎಲ್ಲ ಕರೆಗಳೂ ನನ್ನ ಕಡೆಯಿಂದಲೇ ಹೋಗಿವೆ. ಬೆರಳಿನಿಂದ ಎಷ್ಟು ಹಿಂದಕ್ಕೆ ಸರಿಸಿದರೂ ನಿನ್ನ ಕಡೆಯಿಂದ ಬಂದದ್ದು ಒಂದೂ ಸಿಗಲಿಲ್ಲ. ನಾನು ಮಾಡಿದಾಗ ನೀನು ಚೆನ್ನಾಗಿಯೇ ಮಾತಾಡುತ್ತೀಯ, ನಗುತ್ತೀಯ, ಅದಕ್ಕೇ ಇಷ್ಟು ದಿನ ನನಗೆ ತಿಳಿಯಲಿಲ್ಲ. ಇವತ್ತಿನಿಂದ ನಾನು ಮಾಡುವುದಿಲ್ಲ. ಅತ್ತೆ ಕೇಳಿದರೆ ಲೈನು ಕೆಟ್ಟಿದೆ ಎನ್ನುತ್ತೇನೆ, ಎಷ್ಟು ದಿನ ನಂಬುತ್ತಾರೋ ಗೊತ್ತಿಲ್ಲ. ನನ್ನ ಫೋನಿನಲ್ಲಿ ಚಾರ್ಜು ಇದ್ದೇ ಇರುತ್ತದೆ.