ಫ್ರಿಜ್ಜಿಗೆ ಅಂಟಿಸಿದ ಕಾಗದ

ಬರ್ಚ್ ಫಾಲ್ಸ್, ಮಿನೆಸೋಟ
18 ಜೂನ್ 2023

ಮುದ್ದು ಕರೀನ್,

ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಈಗ ಬರೆಯುತ್ತಿದ್ದೇನೆ. ಬೈದುಕೋ, ತಪ್ಪು ನನ್ನದೇ. ನಾನು ಚೆನ್ನಾಗಿದ್ದೇನೆ, ಮಂಡಿಗಳು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ನನ್ನ ಮೊಮ್ಮಗಳು ಪುಟ್ಟ ಟೋವಾ ಹೇಗಿದ್ದಾಳೆ?

ಆ ಕಾನೂನು ಪಾಸಾಯಿತು ಕಣೇ! ಇನ್ನು ನನ್ನಂಥ ಶಾಲೆಯ ಅಡುಗೆಯವರಿಗೂ ಬಸ್ಸಿನವರಿಗೂ ಬೇಸಿಗೆ ರಜೆಯಲ್ಲಿ ನಿರುದ್ಯೋಗ ಭತ್ಯೆ ಸಿಗುತ್ತದೆ. ‘ಸೆಪ್ಟೆಂಬರಿಗೆ ಮತ್ತೆ ಕೆಲಸಕ್ಕೆ ಬನ್ನಿ’ ಎಂದು ಶಾಲೆಯವರು ಮೇ ತಿಂಗಳಲ್ಲಿ ಕೊಡುವ ಕಾಗದ ನೆನಪಿದೆಯಲ್ಲ? ಹೆಮ್ಮೆಯಿಂದ ಫ್ರಿಜ್ಜಿಗೆ ಅಂಟಿಸುತ್ತಿದ್ದೆ. ಆ ಕಾಗದ ಪಡೆದವಳು ನಿರುದ್ಯೋಗಿಯೇ ಅಲ್ಲವೆಂದು ಸರಕಾರ ಇಪ್ಪತ್ತಾರು ಬೇಸಿಗೆ ನನ್ನನ್ನು ಬರಿಗೈಯಲ್ಲಿ ಕಳಿಸಿತು.

ಎಲ್ಲ ಆರ್ಲೀನಳ ಪುಣ್ಯ. ಶಾಲೆಯ ಬಸ್ಸು ಓಡಿಸುತ್ತಾಳಲ್ಲ, ಅವಳೇ. ಚಳಿಗಾಲದಲ್ಲಿ, ನಾನು ಮಕ್ಕಳಿಗೆ ತಿಂಡಿ ಬಡಿಸಿದ್ದೇ ತಡ, ಹಿಮದಲ್ಲಿ ನಾಲ್ಕು ಗಂಟೆ ಕಾರು ಓಡಿಸಿ ರಾಜಧಾನಿ ಸೇಂಟ್ ಪಾಲ್‌ಗೆ, ಶಾಸಕರ ಮುಂದೆ ನಮ್ಮ ಕಷ್ಟ ಹೇಳಲು ಎಳೆದೊಯ್ದಳು. ನನಗೆ ಮಾತಾಡಲು ಬರುವುದಿಲ್ಲವೆಂದು ದಾರಿಯುದ್ದಕ್ಕೂ ಗೋಗರೆದೆ. “ನಾನೂರು ಮಕ್ಕಳನ್ನ ಸಾಲಲ್ಲಿ ನಿಲ್ಸೋಳಿಗೆ ನಾಲ್ಕು ಜನ ಶಾಸಕರು ಯಾವ ಲೆಕ್ಕ, ಸುಮ್ನಿರೇ,” ಅಂದಳು. ಶಾಸಕರ ಸಮಿತಿಯಲ್ಲಿ ಮಾತಾಡಲು ಕೊಟ್ಟದ್ದು ಎರಡೇ ನಿಮಿಷ. ಬೇಸಿಗೆ ನಿಮಗೂ ರಜೆಯೇ ಅಲ್ಲವೇ ಎಂದು ಟೈ ಕಟ್ಟಿದವನೊಬ್ಬ ನಗುತ್ತ ಕೇಳಿದ. ಬರೆದುಕೊಂಡು ಹೋಗಿದ್ದೆಲ್ಲ ಮರೆತೇ ಹೋಯಿತು.

“ಹೊಟ್ಟೆಗೆ ರಜೆ ಇಲ್ವಲ್ಲಪ್ಪ,” ಅಂದೆ.

ಹೊರಗೆ ಬಂದ ಮೇಲೆ ನೋಡಿಕೊಂಡರೆ ಅಡುಗೆಮನೆಯ ಬಲೆಟೋಪಿ ಇನ್ನೂ ತಲೆಯ ಮೇಲೇ ಇತ್ತು! ಆರ್ಲೀನ್ ಇವತ್ತಿಗೂ ಅದನ್ನೇ ಹೇಳಿ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ, ಅವಳ ಋಣ ತೀರಿಸಲಾರೆ.

ಹೋದ ವಾರ ಮೊದಲ ಭತ್ಯೆ ಬಂತು. ಈ ಬೇಸಿಗೆ ರೆಸಾರ್ಟಿನ ನೆಲ ಒರೆಸಲು ಹೋಗುವುದಿಲ್ಲ, ಮನೆಯಲ್ಲೇ ಇರುತ್ತೇನೆ. ಟೋವಾಳನ್ನು ಕರೆದುಕೊಂಡು ಬಾ. ಹೋದ ವರ್ಷ ಕರೆದಾಗ ನೀನು ಫೋನಿನಲ್ಲಿ ಅಂದದ್ದು ಕಿವಿಯಲ್ಲೇ ಇದೆ: “ಬೇಸಿಗೇಲಿ ಮಗಳನ್ನ ಹೊರಗೆ ಕಳಿಸೋ ಮನೆ ಅದು. ಅಲ್ಲಿಗೆ ನನ್ನ ಮಗಳನ್ನ ಯಾಕಮ್ಮ ತರ್ಲಿ?”

ನಿಮ್ಮಿಬ್ಬರನ್ನೂ ದೇವರು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಮಾರ್ಲಿಸ್

ಇನ್ನೊಂದು ಮಾತು, ಇಷ್ಟು ವರ್ಷ ನುಂಗಿಕೊಂಡದ್ದು. ನಿನ್ನನ್ನು ಪ್ರತಿ ಜೂನಿನಲ್ಲೂ ಇಂಗಾ ದೊಡ್ಡಮ್ಮನ ಹೊಲದ ಮನೆಗೆ ಕಳಿಸುತ್ತಿದ್ದೆನಲ್ಲ. ಶಾಲೆ ಮುಚ್ಚಿದರೆ ನನ್ನ ಸಂಬಳವೂ ನಿಲ್ಲುತ್ತಿತ್ತು, ನಿನ್ನ ಮಧ್ಯಾಹ್ನದ ಊಟವೂ. ಊರ ಮಕ್ಕಳಿಗೆಲ್ಲ ಬಡಿಸುವವಳ ಮನೆಯಲ್ಲಿ ನಿನ್ನ ತಟ್ಟೆಗೆ ಹಾಕಲು ಏನೂ ಇರುತ್ತಿರಲಿಲ್ಲ. ಅದನ್ನು ಹೇಳಲು ನಾಚಿ, ನನಗೂ ಸ್ವಲ್ಪ ಬಿಡುವು ಬೇಕು, ಹೋಗು ಅಂದುಬಿಟ್ಟೆ. ಏಳು ವರ್ಷದ ನೀನು ಅದನ್ನೇ ನಂಬಿದೆ. ಆಮೇಲೆ ಫ್ರಿಜ್ಜಿಗೆ ಆ ಕಾಗದ ಅಂಟಿಸಿದ ದಿನ ನೀನೇ ಸುಮ್ಮನೆ ಚೀಲ ತುಂಬಿಕೊಳ್ಳುತ್ತಿದ್ದೆ.

ಕಾಗದ ಈ ಸಲವೂ ಅಲ್ಲೇ ಇದೆ, ಮಗಳೇ. ಬಂದು ಬಾಗಿಲು ತೆಗೆದು ನೋಡು, ಫ್ರಿಜ್ ತುಂಬಿದೆ.