ಪರದೆಯ ಹಿಂದಿನಿಂದ ಎಂಬತ್ತಾರು

ಹಿಂದೂಪುರ, ೬-೨-೧೯೫೧, ಮಂಗಳವಾರ. ಬೆಳಿಗ್ಗೆ ೭

ಗಂಟಲು ಸಾಧನೆ ಆಯಿತು. ಮೂರು ಬೀದಿಗೆ ಕೇಳಿಸಿತಂತೆ — ಸಂತೋಷ. ಹಿತ್ತಲಿಗೆ ಹೊರಟೆ. ಹೊಸ್ತಿಲಲ್ಲಿ ಕಾಲು ಮತ್ತೆ ನಿಂತುಬಿಟ್ಟವು, ನೆಲಕ್ಕೆ ಅಂಟಿಸಿದ ಹಾಗೆ. ಮೂವತ್ತು ವರ್ಷ ನಾಟಕದಲ್ಲಿ ರಾಜಪಾರ್ಟು. ನಾನು ಹೆಜ್ಜೆ ಇಟ್ಟರೆ ಸ್ಟೇಜಿನ ಹಲಗೆ ನಡುಗುತ್ತಿದ್ದವು. ಈಗ ನಡುಗುವುದು ನನ್ನ ಬಲಗೈ.

ಹೆಂಡತಿ ಗುರುಶಾಂತಮ್ಮ ಹಿಂದೆ ಬಂದು, "ಅಲ್ಲಿ ಯಾರಿಗೆ ದರ್ಶನ ಕೊಡ್ತಾ ನಿಂತಿದ್ದೀರಿ? ಕಾಫಿ ಆರೋಗ್ತೈತೆ" ಅಂದಳು.

೨೪ಕ್ಕೆ ಕಲ್ಯಾಣದುರ್ಗದಲ್ಲಿ ನಾಟಕ. ಇವತ್ತು ಡಾಕ್ಟರಲ್ಲಿಗೆ.

ಅದೇ ದಿನ, ಮಧ್ಯಾಹ್ನ

ಡಾಕ್ಟರ್ ಶಿವಯೋಗಪ್ಪ ಮದ್ರಾಸಲ್ಲಿ ಓದಿದವರು. ಕಾಯಿಲೆಯ ಹೆಸರು ಪಾರ್ಕಿನ್ಸನ್. ಯಾರೋ ದೊರೆಯ ಹೆಸರು — ರಾಜಪಾರ್ಟಿಗೆ ತಕ್ಕದ್ದೇ. ನನ್ನನ್ನೂ ಸೇರಿಸಿ ಹನ್ನೊಂದು ಜನರನ್ನು ನಡೆಸಿ, ಪ್ರಶ್ನೆ ಕೇಳಿ, ಬರೆದಿಡುತ್ತಿದ್ದಾರೆ. ಕಾಲು ಅಂಟುವವರಿಗೆ ಮುಂದೆ ಬುದ್ಧಿಯೂ ಮಂಕಾಗುತ್ತದಾ ಅಂತ ರೀಸರ್ಚು.

ಕಾಲು ಹೋದರೆ ಸಿಂಹಾಸನದಲ್ಲಿ ಕೂತೇ ಪಾರ್ಟು ಮಾಡಬಹುದು. ಮಾತು ಹೋದರೆ...

"ನಡೀತಾ ನಡೀತಾ ನೂರರಿಂದ ಏಳೇಳು ಕಳೆದು ಹೇಳಿ, ಯಜಮಾನ್ರೇ."

ತೊಂಬತ್ತಮೂರು ಅಂದೆ. ಕಾಲು ನಿಂತಿತು. ಮಾತೂ ನಿಂತಿತು. ಆಗ ಬಾಗಿಲ ಪರದೆಯ ಹಿಂದಿನಿಂದ, ನನಗಷ್ಟೇ ಕೇಳುವ ಹಾಗೆ ಮೆಲ್ಲಗೆ — "ಎಂಬತ್ತಾರು."

ಕೊಂಡಪ್ಪ. ನನ್ನ ಪ್ರಾಂಪ್ಟರು, ಸ್ಟೇಜಿನ ಮರೆಯಿಂದ ಮಾತು ಹೇಳಿಕೊಡುವವನು; ಜೊತೆಗೆ ಬಂದಿದ್ದ. ಇಪ್ಪತ್ತು ವರ್ಷದ ಅಭ್ಯಾಸ, ನಾನು ತಡೆದರೆ ಅವನ ಬಾಯಿ ತಾನೇ ತೆರೆಯುತ್ತದೆ. ನನಗೂ ಅಭ್ಯಾಸವೇ — ಎತ್ತಿಕೊಂಡು ಗರ್ಜಿಸಿದೆ. ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಎಲ್ಲ ಅವನದೇ. ಡಾಕ್ಟರು ಬರೆದುಕೊಂಡರು: ಬುದ್ಧಿ ಚುರುಕು.

ಬೀದಿಗೆ ಬಂದು ಕೇಳಿದೆ, "ಯಾಕ್ಲಾ ಹೇಳ್ಕೊಟ್ಟೆ?"

"ನೀನು ನಿಂತ್ಬುಟ್ಟೆ ಕಣಣ್ಣ. ನಡುನೀರಲ್ಲಿ ಕೈಬಿಡಕಾಯ್ತದಾ?"

ಇಬ್ಬರೂ ನಕ್ಕೆವು. ಈಗ ನಗು ಬರುತ್ತಿಲ್ಲ.

ಕಲ್ಯಾಣದುರ್ಗ, ೨೩-೨, ಶುಕ್ರವಾರ. ಸಂಜೆ

ಡಾಕ್ಟರೇ ಚುರುಕು ಅಂತ ಬರೆದಿದ್ದಾರಲ್ಲ — ಆ ಧೈರ್ಯದ ಮೇಲೆ ಬಸ್ಸು ಹತ್ತಿದ್ದು. ರಿಹರ್ಸಲ್‌ನಲ್ಲಿ ಪ್ರವೇಶಕ್ಕೇ ನಿಂತೆ. ಹಾರ್ಮೋನಿಯಂ ಅದೇ ಪಲ್ಲವಿ ಮೂರು ಸಲ. ಕೊಂಡಪ್ಪ ಮಾತು ಹೇಳಿಕೊಟ್ಟ. ಕೇಳಿಸಿತು. ಕೇಳಿಸಿದ್ದನ್ನು ಹಿಡಿಯಲಾಗಲಿಲ್ಲ.

ಮಂತ್ರಿ ಪಾರ್ಟಿನ ಜಯರಾಮಪ್ಪ, "ದೊರೆಗಳು ಆಲೋಚನೆಯಲ್ಲಿದ್ದಾರೆ" ಅಂತ ಮಾತು ಕಟ್ಟಿ ದಾಟಿಸಿದ. ಆಮೇಲೆ ಬಳಿ ಬಂದು ತೆಲುಗಿನಲ್ಲಿ, "ಏಮನ್ನಾ, ಮರ್ಚಿಪೋಯಿನಾವಾ?"

"ಮರೆಯೋದೇನ್ಲಾ, ಭಾವ ಹಿಡೀತಿದ್ದೆ." ಸುಳ್ಳು. ನಾಳೆ ಸಾವಿರ ಜನ.

ಹಿಂದೂಪುರ, ೩-೩, ಶನಿವಾರ

ನಾಟಕದ ದಿನದ್ದು ಬರೆಯಲಾರೆ. ಎರಡನೇ ಅಂಕದಿಂದ ಜಯರಾಮಪ್ಪನೇ ನನ್ನ ಕಿರೀಟ ಇಟ್ಟುಕೊಂಡ. ಅಷ್ಟು ಸಾಕು.

ಕೊಂಡಪ್ಪ ಬಂದಿದ್ದ. ಡಾಕ್ಟರಿಗೆ ನಿಜ ಹೇಳಿಬಿಡೋಣ ಅಂದೆ.

"ಆಮೇಲೆ ಅವ್ರು ಏನಂತಾರೋ. ಭಯ ಇಲ್ವೇನಣ್ಣ?"

"ಐತೆ. ಅದಕ್ಕೇ ನೀನೂ ಬಾ ಅನ್ನೋದು."

೫ನೇ ತಾರೀಖು

ಡಾಕ್ಟರು ಬೈಯಲಿಲ್ಲ. ಹಳೆಯ ಹಾಳೆಗೆ ಅಡ್ಡಗೀಟು ಎಳೆದರು. "ಇದು ಮಿಕ್ಕ ಹತ್ತು ಜನರದ್ದನ್ನೂ ಕೆಡಿಸ್ತಿತ್ತು" ಅಂದರು, ಅಷ್ಟೇ. ಕೊಂಡಪ್ಪನನ್ನು ಆಚೆ ಕಳಿಸಿ ಬಾಗಿಲು ಹಾಕಿದರು.

ಲೆಕ್ಕ ಬೇಡ, ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳುತ್ತ ಕಿಟಕಿ ತನಕ ನಡೆಯಿರಿ ಅಂದರು. ಮಕ್ಕಳ ಪಾಠ. ಎಂಥ ನಿಶ್ಶಬ್ದ ಆ ಕೋಣೆಯಲ್ಲಿ. ಶನಿವಾರ ಅಂದೆ, ಒಂದು ಹೆಜ್ಜೆ. ಶುಕ್ರವಾರ. ಗುರುವಾರಕ್ಕೆ ಕಾಲು ನಿಂತಿತು, ಮಾತೂ ನಿಂತಿತು. ಡಾಕ್ಟರು ಕಾದರು. ಗಡಿಯಾರ ನೋಡಿದರು. ಬರೆದುಕೊಂಡರು — ಏನು ಅಂತ ನಾನು ಕೇಳಲಿಲ್ಲ.

ನಡೆಯುತ್ತಿದ್ದುದಕ್ಕೇ ಹಾಗಾಯಿತು, ಮನೆಯಲ್ಲಿ ಕೂತು ಬರೆದರೆ ತಾನೇ ಬರುತ್ತದೆ ಅಂದುಕೊಂಡೆ. ಕೂತಿದ್ದೇನೆ. ಒಳಗೆ ಗುರುಶಾಂತಮ್ಮ ಇದ್ದಾಳೆ, ಅವಳನ್ನು ಕೇಳುವುದಿಲ್ಲ. ಶನಿವಾರ, ಶುಕ್ರವಾರ, ಗುರುವಾರ,